ಜಾಹೀರಾತು ಬೇಡವೆಂದ ಮೇಷ್ಟ್ರು: ಪಿ. ಲಂಕೇಶ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬರೆಯಬೇಕೆಂದು ಸಮಿತಿಯ ಹಿರಿಯರು ಕೇಳಿದಾಗ, ಕಂಪ್ಯೂಟರ್ ಕ್ಷೇತ್ರದಲ್ಲಿ ಮಕ್ಕಳಿಗಿರುವ ಅವಕಾಶಗಳ ಬಗ್ಗೆ ಬರೆದರೆ ಉಪಯೋಗವಾಗುತ್ತದೆ ಎಂದು ಸಲಹೆ ಕೊಟ್ಟಿದ್ದರು. ನಾನು ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನಾದ್ದರಿಂದ ಅವರ ಸಲಹೆ ಸಹಜವೇ. ಆದರೆ ಆ ವಿಷಯವನ್ನು ಇಂದಿನ ಮಕ್ಕಳು ನನಗಿಂತ ಚೆನ್ನಾಗಿ ಮೊಬೈಲಿನಲ್ಲೇ ತಿಳಿದುಕೊಳ್ಳುತ್ತಾರೆ. ಅದಕ್ಕೆ ಬದಲಾಗಿ ನಮ್ಮದೇ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದು, ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಿ, ಕೊನೆಗೆ ಒಂದು ವಾರಪತ್ರಿಕೆಯಿಂದ ಇಡೀ ರಾಜ್ಯದ ರಾಜಕೀಯವನ್ನು ಅಲ್ಲಾಡಿಸಿದ ಪಿ. ಲಂಕೇಶ್ ಅವರ ಬಗ್ಗೆ ಬರೆಯಲು ಅನುಮತಿ ಕೇಳಿದೆ. ಒಪ್ಪಿದ ಸಮಿತಿಗೆ ನನ್ನ ವಂದನೆಗಳು.

ಲಂಕೇಶ್ ತೀರಿಕೊಂಡಾಗ ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ಅವರನ್ನು ನೋಡಿದವನಲ್ಲ. ನನಗೆ ಅವರ ಪರಿಚಯವಾದದ್ದು ಅಪ್ಪನ ಟ್ರಂಕಿನಿಂದ. ಅಪ್ಪ ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಟ್ಟದ ಮೇಲಿದ್ದ ತಗಡಿನ ಟ್ರಂಕಿನಲ್ಲಿ ಹಳೆಯ ಲಂಕೇಶ್ ಪತ್ರಿಕೆಗಳನ್ನು ವರ್ಷವಾರು ದಾರ ಕಟ್ಟಿ ಇಟ್ಟಿದ್ದರು. ಹೈಸ್ಕೂಲಿನ ಬೇಸಿಗೆ ರಜೆಗಳಲ್ಲಿ ಅವನ್ನು ಒಂದೊಂದಾಗಿ ಬಿಚ್ಚಿ ಓದಿದೆ. ಅರ್ಥವಾದದ್ದು ಅರ್ಧ. ಆದರೂ ಕನ್ನಡವನ್ನು ಇಷ್ಟು ನೇರವಾಗಿ, ಇಷ್ಟು ಚಿಕ್ಕ ವಾಕ್ಯಗಳಲ್ಲಿ ಬರೆಯಬಹುದು ಎಂಬುದು ಮೊದಲು ಗೊತ್ತಾದದ್ದು ಅಲ್ಲೇ.

ಪಾಳ್ಯದ ಲಂಕೇಶ್ ಹುಟ್ಟಿದ್ದು 1935ರ ಮಾರ್ಚ್ 8ರಂದು, ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯಲ್ಲಿ. ಬೇಸಾಯದ ಮನೆತನ. ಹೊಲದಲ್ಲಿ ದುಡಿಯುವ ತಾಯಿಯನ್ನು ಕುರಿತು ಅವರು ಬರೆದ ‘ಅವ್ವ’ ಎಂಬ ಪದ್ಯ ಕನ್ನಡದಲ್ಲಿ ಹೆಸರಾದದ್ದು. ನಮ್ಮಲ್ಲಿ ಹಲವರು ಅದನ್ನು ಪಾಠವಾಗಿಯೇ ಓದಿದ್ದೇವೆ. ಅಮ್ಮನನ್ನು ದೇವರೆಂದು ಹೊಗಳುವ ಪದ್ಯಗಳ ನಡುವೆ, ಮಣ್ಣಿನಲ್ಲಿ ಗೇಯುವ, ಸಿಟ್ಟಾಗುವ, ಕೂಳಿಗಾಗಿ ಬದುಕುವ ಹೆಂಗಸನ್ನು ಅವರು ತಂದು ನಿಲ್ಲಿಸಿದರು. ಮುಂದೆ ಪತ್ರಿಕೆ ನಡೆಸಿದಾಗಲೂ ಅವರ ನೋಟ ಇದೇ ಆಗಿತ್ತು ಎಂದು ನನಗನ್ನಿಸುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು, ಹೇಳುವಾಗ ಪೂಜೆ ಮಾಡದಿರುವುದು.

ಹಳ್ಳಿಯಲ್ಲಿ ಓದು ಆರಂಭಿಸಿ, ಶಿವಮೊಗ್ಗದಲ್ಲಿ ಮುಂದುವರಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಆನರ್ಸ್, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ.ಎ. ಮಾಡಿದರು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಕೆಲಕಾಲ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಆಮೇಲೆ ಬೆಂಗಳೂರಿಗೆ ಹೋದರು. ಸುಮಾರು ಎರಡು ದಶಕಗಳ ಮೇಷ್ಟ್ರು ಕೆಲಸದಿಂದಾಗಿ ಅವರನ್ನು ಹತ್ತಿರದಿಂದ ಬಲ್ಲವರು ಕೊನೆಯವರೆಗೂ ಕರೆದದ್ದು ಮೇಷ್ಟ್ರು ಎಂದೇ. ಸಂಪಾದಕರು ಎಂಬ ಹೆಸರು ಬಂದ ಮೇಲೂ ಈ ಹೆಸರು ಹೋಗಲಿಲ್ಲ.

ಅಂದಿನ ಶಿವಮೊಗ್ಗ ಜಿಲ್ಲೆಯ ಗಾಳಿಯಲ್ಲೇ ರಾಜಕೀಯವಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದಾಗ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಲಂಕೇಶ್ ಆಗ ಹದಿನಾರು ವರ್ಷದ ಹುಡುಗ. ತೀರ್ಥಹಳ್ಳಿ ತಾಲ್ಲೂಕು ಆರಗದ ಶಾಂತವೇರಿ ಗೋಪಾಲಗೌಡರು ಮರುವರ್ಷ ಶಾಸಕರಾಗಿ ವಿಧಾನಸಭೆಯಲ್ಲಿ ಗೇಣಿದಾರರ ದನಿಯಾದರು. ಗೋಪಾಲಗೌಡರು ರಾಜಕಾರಣಿಯಾಗಿದ್ದಷ್ಟೇ ಸಾಹಿತ್ಯದ ಹುಚ್ಚಿದ್ದವರು. ಅವರ ಸುತ್ತ ಸೇರುತ್ತಿದ್ದ ಬರಹಗಾರರಲ್ಲಿ ಲಂಕೇಶರೂ ಒಬ್ಬರು. ಜಾತಿ, ಭೂಮಿ, ಭಾಷೆ ಈ ಮೂರನ್ನೂ ಸೇರಿಸಿ ಯೋಚಿಸುವ ಲೋಹಿಯಾ ಅವರ ಕ್ರಮ ನಮ್ಮ ಜಿಲ್ಲೆಯ ಒಂದು ತಲೆಮಾರನ್ನೇ ತಿದ್ದಿತು. ಲಂಕೇಶರ ಮುಂದಿನ ಹಾದಿ ಅರ್ಥವಾಗುವುದು ಈ ಹಿನ್ನೆಲೆಯಲ್ಲೇ.

ಪತ್ರಿಕೆಗೆ ಮೊದಲೇ ಅವರು ಸಾಹಿತಿಯಾಗಿ ದೊಡ್ಡ ಹೆಸರು. ಮೊದಲ ಕಥಾಸಂಕಲನ ‘ಕೆರೆಯ ನೀರನು ಕೆರೆಗೆ ಚೆಲ್ಲಿ’ 1963ರಲ್ಲಿ ಬಂತು. ‘ಬಿರುಕು’ ಕಾದಂಬರಿ, ಬಸವಣ್ಣ ಮತ್ತು ಬಿಜ್ಜಳರ ಕಾಲವನ್ನು ಕುರಿತ ‘ಸಂಕ್ರಾಂತಿ’ ನಾಟಕ, ಬೋದಿಲೇರನ ಕವಿತೆಗಳ ಅನುವಾದ ‘ಪಾಪದ ಹೂಗಳು’, ಗ್ರೀಕ್ ನಾಟಕಗಳ ಅನುವಾದ ಇವೆಲ್ಲ ಆ ಕಾಲದ ಕೆಲಸಗಳು. ತೀರ್ಥಹಳ್ಳಿ ಕಡೆಯವರೇ ಆದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1970ರಲ್ಲಿ ಸಿನಿಮಾ ಆದಾಗ ನಾರಣಪ್ಪನ ಪಾತ್ರ ಮಾಡಿದವರು ಲಂಕೇಶರೇ. ಆಮೇಲೆ ತಾವೇ ನಿರ್ದೇಶಕರಾದರು. ‘ಪಲ್ಲವಿ’ಗೆ ಅತ್ಯುತ್ತಮ ನಿರ್ದೇಶಕ ಎಂಬ ರಾಷ್ಟ್ರಪ್ರಶಸ್ತಿ ಬಂತು.

ಇಷ್ಟೆಲ್ಲ ಇದ್ದವರು ಅಧ್ಯಾಪಕ ಕೆಲಸದ ಖಾತ್ರಿ ಸಂಬಳ ಬಿಟ್ಟು, ನಲವತ್ತೈದನೇ ವಯಸ್ಸಿನಲ್ಲಿ, 1980ರ ಜುಲೈನಲ್ಲಿ ‘ಲಂಕೇಶ್ ಪತ್ರಿಕೆ’ ಎಂಬ ವಾರಪತ್ರಿಕೆ ಶುರುಮಾಡಿದರು. ಸಣ್ಣ ಆಕಾರದ, ಕಪ್ಪು ಬಿಳುಪಿನ, ನ್ಯೂಸ್‌ಪ್ರಿಂಟಿನ ಪತ್ರಿಕೆ. ಅದರಲ್ಲಿ ಜಾಹೀರಾತು ಇರಲಿಲ್ಲ. ಸಿಗಲಿಲ್ಲವೆಂದಲ್ಲ, ತೆಗೆದುಕೊಳ್ಳುವುದಿಲ್ಲವೆಂದು ತೀರ್ಮಾನಿಸಿಯೇ ಇಳಿದಿದ್ದರು.

ಈ ತೀರ್ಮಾನದ ತೂಕ ತಿಳಿಯಬೇಕಾದರೆ ಪತ್ರಿಕೆಯ ಲೆಕ್ಕ ಸ್ವಲ್ಪ ತಿಳಿದಿರಬೇಕು. ಸಾಮಾನ್ಯವಾಗಿ ಪತ್ರಿಕೆಯ ಒಂದು ಪ್ರತಿಗೆ ನಾವು ಕೊಡುವ ದುಡ್ಡು ಅದನ್ನು ಮಾಡುವ ಖರ್ಚಿಗೆ ಸಾಲುವುದಿಲ್ಲ. ಕಾಗದ, ಶಾಯಿ, ಮುದ್ರಣ, ಸಂಬಳ, ಬಸ್ಸು ರೈಲಿನ ಸಾಗಣೆ, ಏಜೆಂಟರ ಕಮಿಷನ್, ಮಾರಾಟವಾಗದೆ ಹಿಂದಿರುಗುವ ಪ್ರತಿಗಳ ನಷ್ಟ ಎಲ್ಲ ಇರುತ್ತದೆ. ಆ ಕೊರತೆ ತುಂಬುವುದು ಜಾಹೀರಾತು. ಜಾಹೀರಾತು ಕೊಡುವವರಲ್ಲಿ ದೊಡ್ಡವರು ಸರ್ಕಾರ ಮತ್ತು ಕಂಪನಿಗಳು. ಅವರ ವಿರುದ್ಧ ಬರೆದರೆ ಪತ್ರಿಕೆಯನ್ನು ನಿಷೇಧಿಸುವುದೇನೂ ಬೇಕಾಗಿಲ್ಲ. ಮುಂದಿನ ತಿಂಗಳ ಜಾಹೀರಾತು ನಿಲ್ಲಿಸಿದರೆ ಸಾಕು. ಲಂಕೇಶ್ ಈ ಹಗ್ಗವನ್ನೇ ಕಟ್ಟಿಸಿಕೊಳ್ಳಲಿಲ್ಲ. ಖರ್ಚೆಲ್ಲ ಓದುಗರು ಕೊಡುವ ಬೆಲೆಯಿಂದಲೇ ಹುಟ್ಟಬೇಕು. ಜನ ಕೊಳ್ಳದಿದ್ದರೆ ಮುಚ್ಚಬೇಕು.

ಜನ ಕೊಂಡರು. ಯಾಕೆ ಕೊಂಡರು ಎಂಬುದಕ್ಕೆ ಆ ದಿನಗಳ ಕರ್ನಾಟಕವನ್ನು ನೋಡಬೇಕು. 1980ರ ಜನವರಿಯಲ್ಲಿ ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ಪತ್ರಿಕೆ ಆರಂಭವಾದ ಜುಲೈ ತಿಂಗಳಲ್ಲೇ ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಗೋಲಿಬಾರ್ ನಡೆಯಿತು. ಅದೇ ಹೊತ್ತಿಗೆ ನಮ್ಮ ಶಿವಮೊಗ್ಗ ಸೀಮೆಯಲ್ಲಿ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ ಮೊದಲಾದವರು ರೈತ ಚಳವಳಿ ಕಟ್ಟಿದರು. ಹಸಿರು ಶಾಲು ಹಾಕಿಕೊಂಡ ರೈತರು ಅಧಿಕಾರಿಗಳನ್ನು ಊರ ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನಿಸತೊಡಗಿದರು. ಆ ವರ್ಷದ ಕೊನೆಯಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು ಮುಷ್ಕರ ಹೂಡಿದರು. ದಲಿತ ಸಂಘರ್ಷ ಸಮಿತಿ ಹಳ್ಳಿ ಹಳ್ಳಿಗೂ ಹಾಡು ಹೇಳಿಕೊಂಡು ಹೋಗುತ್ತಿತ್ತು. 1982ರಲ್ಲಿ ಗೋಕಾಕ್ ಚಳವಳಿ ಬಂತು. ಹೀಗೆ ಎಲ್ಲ ಕಡೆ ಜನ ಎದ್ದು ನಿಂತಿದ್ದಾಗ, ಅವರ ಸಿಟ್ಟನ್ನು ಅವರದೇ ಮಾತಿನಲ್ಲಿ ಬರೆಯುವ ಪತ್ರಿಕೆ ವಾರಕ್ಕೊಮ್ಮೆ ಬಸ್ಸಿನಿಂದ ಇಳಿಯುತ್ತಿತ್ತು.

ಅಪ್ಪ ಹೇಳುತ್ತಿದ್ದ ಹಾಗೆ, ಭದ್ರಾವತಿಯಲ್ಲಿ ಒಂದು ಪ್ರತಿಯನ್ನು ಹತ್ತು ಜನ ಓದುತ್ತಿದ್ದರು. ಮೊದಲ ಪಾಳಿ ಮುಗಿಸಿ ಬಂದವರು ಓದಿ ಎರಡನೇ ಪಾಳಿಗೆ ಹೋಗುವವರಿಗೆ ಕೊಡುತ್ತಿದ್ದರಂತೆ. ಕಟಿಂಗ್ ಶಾಪಿನಲ್ಲಿ ಅಕ್ಷರ ಬಲ್ಲವರೊಬ್ಬರು ಜೋರಾಗಿ ಓದಿದರೆ ಕಾಯುತ್ತ ಕೂತವರೆಲ್ಲ ಕೇಳುತ್ತಿದ್ದರಂತೆ. ಮಂತ್ರಿಗಳಿಗೆ ಪತ್ರಿಕೆ ಇಡುತ್ತಿದ್ದ ಅಡ್ಡಹೆಸರುಗಳು ವಾರದೊಳಗೆ ಊರ ಬಾಯಿಗೆ ಬರುತ್ತಿದ್ದವು. ಅಧಿಕಾರದಲ್ಲಿರುವವರನ್ನು ನೋಡಿ ನಗಬಹುದು ಎಂಬುದೇ ಹಳ್ಳಿಯವರಿಗೆ ದೊಡ್ಡ ಧೈರ್ಯ ಕೊಟ್ಟಿತೆಂದು ಅಪ್ಪನ ಅಭಿಪ್ರಾಯ.

1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು, ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಈ ಬದಲಾವಣೆಯನ್ನು ಲಂಕೇಶ್ ಪತ್ರಿಕೆಯೊಂದೇ ಮಾಡಿತೆಂದು ಅಭಿಮಾನಿಗಳು ಹೇಳುವುದುಂಟು. ಅದು ಅತಿಶಯ. ರೈತರು, ಕಾರ್ಮಿಕರು, ದಲಿತರು ಬೀದಿಗಿಳಿಯದಿದ್ದರೆ ಪತ್ರಿಕೆ ಬರೆಯುವುದಕ್ಕೇ ಏನೂ ಇರುತ್ತಿರಲಿಲ್ಲ. ಆದರೆ ಬೇರೆ ಬೇರೆ ಊರಿನ ಬೇರೆ ಬೇರೆ ಸಿಟ್ಟುಗಳಿಗೆ ಒಂದು ಕಡೆ ಕೂಡುವ ಜಾಗವಾಗಿ ಪತ್ರಿಕೆ ಕೆಲಸ ಮಾಡಿತು ಎಂಬುದು ನಿಜ.

ನನಗೆ ಅವರ ಮೇಲೆ ಗೌರವ ಹೆಚ್ಚುವುದು ಇದರ ನಂತರದ ಕಥೆಯಿಂದ. ತಾವು ಬಯಸಿದ ಸರ್ಕಾರ ಬಂದಾಗ ಸಂಪಾದಕನಾದವನು ಏನು ಮಾಡಬೇಕು? ಗೆದ್ದವರ ಮನೆಗೆ ಹೋಗಿ ಹಾರ ಹಾಕಬಹುದು, ನಿಗಮ ಮಂಡಳಿಯ ಅಧ್ಯಕ್ಷತೆ ಕೇಳಬಹುದು. ಲಂಕೇಶ್ ಹೆಗಡೆಯವರ ಸರ್ಕಾರದ ತಪ್ಪುಗಳನ್ನೂ ಅಷ್ಟೇ ಖಾರವಾಗಿ ಬರೆದರು. 1990ರಲ್ಲಿ ನಮ್ಮ ಜಿಲ್ಲೆಯ ಸೊರಬದ ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾದರು. ಅವರೂ ಗೋಪಾಲಗೌಡರ ಸಮಾಜವಾದಿ ಗರಡಿಯಲ್ಲೇ ಬೆಳೆದವರು. ಊರಿನವರು, ಒಂದೇ ಗರಡಿಯವರು ಎಂದು ಪತ್ರಿಕೆ ರಿಯಾಯಿತಿ ತೋರಲಿಲ್ಲ. ಯಾವ ಪಕ್ಷ ಬಂದರೂ ಪತ್ರಿಕೆಯ ಜಾಗ ಅದರ ಎದುರಿಗೇ ಇತ್ತು.

ಆದರೂ ಸಂಪಾದಕರಿಗೆ ರಾಜಕೀಯದ ಆಸೆ ಹುಟ್ಟಲಿಲ್ಲವೆಂದಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಅವರು ‘ಪ್ರಗತಿರಂಗ’ ಎಂಬ ರಾಜಕೀಯ ವೇದಿಕೆ ಕಟ್ಟಿದರು. ಇರುವ ಪಕ್ಷಗಳೆಲ್ಲ ಒಂದೇ ಎನ್ನಿಸಿದಾಗ ಹೊಸದನ್ನು ಮಾಡೋಣ ಎನ್ನುವುದು ಸಹಜ. ಅದು ಬೇರು ಬಿಡಲಿಲ್ಲ, ಬಹಳ ಕಾಲ ನಿಲ್ಲಲೂ ಇಲ್ಲ. ಪತ್ರಿಕೆಯನ್ನು ದುಡ್ಡು ಕೊಟ್ಟು ಓದುವವರೆಲ್ಲ ಅದರ ಸಂಪಾದಕರ ಹಿಂದೆ ನಡೆದು ಬರುವುದಿಲ್ಲ. ಓದುವುದು ಒಬ್ಬೊಬ್ಬರೇ ಮಾಡುವ ಕೆಲಸ, ಪಕ್ಷ ಕಟ್ಟುವುದಕ್ಕೆ ಊರೂರಲ್ಲಿ ದಿನವೂ ದುಡಿಯುವ ಜನ ಬೇಕು. ಲಂಕೇಶ್ ಮತ್ತೆ ಮೇಜಿಗೆ ಬಂದರು, ಪತ್ರಿಕೆ ಮುಂದುವರಿಯಿತು.

ಪತ್ರಿಕೆ ಮತ್ತು ರಾಜಕೀಯ ಎರಡರಲ್ಲೂ ಕಾಲಿಟ್ಟವರು ಬೇರೆ ಕಡೆಯೂ ಇದ್ದಾರೆ. ಪಶ್ಚಿಮ ಆಫ್ರಿಕಾದ ನಾಮ್ಡಿ ಅಜಿಕಿವೆ 1937ರಲ್ಲಿ ಲಾಗೋಸ್ ನಗರದಲ್ಲಿ ‘ವೆಸ್ಟ್ ಆಫ್ರಿಕನ್ ಪೈಲಟ್’ ಎಂಬ ಪತ್ರಿಕೆ ಆರಂಭಿಸಿ ಬ್ರಿಟಿಷರ ವಿರುದ್ಧ ಬರೆದರು. ಅದಕ್ಕೆ ಮೊದಲು ಈಗಿನ ಘಾನಾದಲ್ಲಿ ಸಂಪಾದಕರಾಗಿದ್ದಾಗ ಒಂದು ಲೇಖನಕ್ಕಾಗಿ ರಾಜದ್ರೋಹದ ಮೊಕದ್ದಮೆ ಎದುರಿಸಿದ್ದರು. 1963ರಲ್ಲಿ ಅವರು ನೈಜೀರಿಯಾದ ಮೊದಲ ರಾಷ್ಟ್ರಪತಿಯಾದರು. ನಮ್ಮಲ್ಲೇ ಡಿ.ವಿ. ಗುಂಡಪ್ಪನವರು 1913ರಲ್ಲಿ ‘ಕರ್ನಾಟಕ’ ಪತ್ರಿಕೆ ನಡೆಸಿದವರು, ಮುಂದೆ ಮೈಸೂರಿನ ಶಾಸನ ಪರಿಷತ್ತಿನಲ್ಲೂ ಕೂತರು. ಅಂಬೇಡ್ಕರ್ 1920ರಲ್ಲಿ ‘ಮೂಕನಾಯಕ’ ತಂದರು. ಇವರಲ್ಲಿ ಕೆಲವರಿಗೆ ಪತ್ರಿಕೆಯು ಅಧಿಕಾರದ ಕಡೆಗೆ ಏಣಿಯಾಯಿತು, ಅದರಲ್ಲಿ ತಪ್ಪೇನೂ ಇಲ್ಲ. ಲಂಕೇಶರಿಗೆ ಏಣಿ ಸಿಕ್ಕಲಿಲ್ಲ. ಸಿಕ್ಕಿದ್ದರೆ ಕನ್ನಡಕ್ಕೆ ನಷ್ಟವಾಗುತ್ತಿತ್ತೇನೋ ಎಂದು ನನಗೆ ಅನ್ನಿಸುತ್ತದೆ.

ಯಾಕೆಂದರೆ ಆ ಪತ್ರಿಕೆ ರಾಜಕೀಯಕ್ಕಿಂತ ದೊಡ್ಡ ಇನ್ನೊಂದು ಕೆಲಸ ಮಾಡುತ್ತಿತ್ತು. ಅಲ್ಲಿಯವರೆಗೆ ಬರೆಯದಿದ್ದವರ ಕೈಗೆ ಪೆನ್ನು ಕೊಟ್ಟಿತು. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಧಾರಾವಾಹಿಯಾಗಿ ಬಂದದ್ದು ಇದರಲ್ಲೇ. ಶಿವಮೊಗ್ಗದಲ್ಲಿ ಶಾಲೆ ಕಲಿತ ಬಾನು ಮುಷ್ತಾಕ್ ಎಂಬತ್ತರ ದಶಕದಲ್ಲಿ ಇದೇ ಪತ್ರಿಕೆಗೆ ವರದಿಗಾರ್ತಿಯಾಗಿದ್ದರು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾಡೆಲ್ಲ ಸಂತೋಷಪಟ್ಟಿತು. ಮುಸ್ಲಿಂ ಮನೆಯ ಹೆಂಗಸರು, ದಲಿತ ಯುವಕರು, ಹಳ್ಳಿಯ ಮೇಷ್ಟ್ರುಗಳು ತಮ್ಮ ಬದುಕು ಅಚ್ಚಾಗಲು ಯೋಗ್ಯವೆಂದು ನಂಬಿದ್ದು ಇಂಥ ಪತ್ರಿಕೆಯಿಂದ. ಸ್ವತಃ ಲಂಕೇಶ್ ‘ಟೀಕೆ ಟಿಪ್ಪಣಿ’, ‘ಮರೆಯುವ ಮುನ್ನ’ ಅಂಕಣಗಳನ್ನೂ, ‘ನೀಲು’ ಎಂಬ ಹೆಸರಿನ ಪುಟ್ಟ ಪದ್ಯಗಳನ್ನೂ ಬರೆದರು. ವಾರ ವಾರದ ಗಡಿಬಿಡಿಯ ನಡುವೆಯೇ ‘ಕಲ್ಲು ಕರಗುವ ಸಮಯ’ದ ಕಥೆಗಳು ಹುಟ್ಟಿದವು. ಅದಕ್ಕೆ 1993ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ಕಾಲದ ‘ಗುಣಮುಖ’ ನಾಟಕದಲ್ಲಿ ದಿಲ್ಲಿಯನ್ನು ಗೆದ್ದ ನಾದಿರ್ ಶಹಾ ಕಾಯಿಲೆ ಬೀಳುತ್ತಾನೆ. ಅವನೆದುರು ಸತ್ಯ ಹೇಳಲು ಹೆದರದ ಒಬ್ಬ ಹಕೀಮ ಬರುತ್ತಾನೆ. ಅಧಿಕಾರವೇ ಒಂದು ರೋಗ, ನಿರ್ಭಯದ ಮಾತೇ ಅದಕ್ಕೆ ಮದ್ದು ಎಂಬ ಆ ನಾಟಕದಲ್ಲಿ ಸಂಪಾದಕ ಲಂಕೇಶರ ಅನುಭವವೂ ಇದೆ ಎಂದು ನನ್ನ ಭಾವನೆ.

ಅವರನ್ನು ಹೊಗಳುವುದಷ್ಟೇ ಈ ಲೇಖನದ ಉದ್ದೇಶವಾದರೆ ಅವರಿಗೇ ಇಷ್ಟವಾಗುತ್ತಿರಲಿಲ್ಲ. ಪತ್ರಿಕೆಯ ಭಾಷೆ ಕೆಲವೊಮ್ಮೆ ಮಿತಿ ಮೀರಿತು. ವಿಷಯ ಬಿಟ್ಟು ವ್ಯಕ್ತಿಯನ್ನು ಚುಚ್ಚಿದ್ದುಂಟು. ಹಳೆಯ ಗೆಳೆಯರು ನೊಂದು ದೂರವಾದರು. ಮಾನನಷ್ಟ ಮೊಕದ್ದಮೆಗಳಿಗಾಗಿ ಕೋರ್ಟು ಅಲೆಯಬೇಕಾಯಿತು. ಜಾಹೀರಾತುದಾರರ ಹಂಗಿಲ್ಲದ ಪತ್ರಿಕೆಗೆ ಓದುಗರ ಹಂಗು ಇರುತ್ತದೆ ಎಂಬುದನ್ನೂ ಮರೆಯಬಾರದು. ವಾರ ವಾರವೂ ಪ್ರತಿ ಮಾರಾಟವಾಗಲೇಬೇಕಾದಾಗ ಖಾರ ಹೆಚ್ಚು ಮಾಡುವ ಆಸೆ ಯಾರಿಗಾದರೂ ಹುಟ್ಟುತ್ತದೆ. ಅವರ ದಾರಿ ಹಿಡಿದು ಆಮೇಲೆ ಬಂದ ಕೆಲವು ಪತ್ರಿಕೆಗಳು ಖಾರವನ್ನಷ್ಟೇ ಕಲಿತವು, ಕಾಳಜಿಯನ್ನು ಬಿಟ್ಟವು.

1997ರಲ್ಲಿ ತಮ್ಮ ಬದುಕನ್ನು ‘ಹುಳಿಮಾವಿನ ಮರ’ ಎಂಬ ಪುಸ್ತಕದಲ್ಲಿ ಬರೆದರು. 2000ದ ಜನವರಿ 25ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ ಅರವತ್ತನಾಲ್ಕು. ಮಗಳು ಗೌರಿ ಪತ್ರಿಕೆಯ ಸಂಪಾದಕಿಯಾದರು. 2017ರ ಸೆಪ್ಟೆಂಬರ್ 5ರಂದು ಗೌರಿಯವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅವರ ಅಭಿಪ್ರಾಯಗಳನ್ನು ಒಪ್ಪುವವರೂ ಒಪ್ಪದವರೂ ನಮ್ಮೂರಿನಲ್ಲಿದ್ದಾರೆ. ಆದರೆ ಬರೆದದ್ದಕ್ಕೆ ಬರೆದೇ ಉತ್ತರ ಕೊಡಬೇಕೆಂಬ ಮಾತನ್ನು ಅಕ್ಷರ ಕಲಿಸಿದ ಶಾಲೆಯ ಸಂಚಿಕೆಯಲ್ಲಿ ಹೇಳದಿದ್ದರೆ ಇನ್ನೆಲ್ಲಿ ಹೇಳುವುದು?

ಇದೆಲ್ಲ ನಮಗೆ ಈಗ ಯಾಕೆ ಬೇಕು ಎಂದು ಕೇಳಬಹುದು. ನನ್ನ ಕೆಲಸದ ಅನುಭವದಿಂದ ಉತ್ತರಿಸುತ್ತೇನೆ. ಮೊಬೈಲಿನಲ್ಲಿ ನಮಗೆ ಸುದ್ದಿ ಪುಕ್ಕಟೆ ಸಿಗುತ್ತದೆ. ಅದನ್ನು ತೋರಿಸುವ ಕಂಪ್ಯೂಟರುಗಳಿಗೆ, ಅದನ್ನು ಬರೆಯುವ ನಮ್ಮಂಥ ಇಂಜಿನಿಯರುಗಳಿಗೆ ಸಂಬಳ ಕೊಡುವವರು ಜಾಹೀರಾತುದಾರರು. ನಾವು ಎಷ್ಟು ಹೊತ್ತು ಪರದೆ ನೋಡುತ್ತೇವೋ ಅಷ್ಟು ಅವರಿಗೆ ಲಾಭ. ಹಾಗಾಗಿ ನಿಜವಾದದ್ದಕ್ಕಿಂತ ಸಿಟ್ಟು ಬರಿಸುವುದು, ಹೆದರಿಸುವುದು ಮೊದಲು ನಮ್ಮ ಮುಂದೆ ಬರುತ್ತದೆ. ಇದು ಯಾರೋ ಒಬ್ಬರ ಪಿತೂರಿಯಲ್ಲ, ದುಡ್ಡು ಬರುವ ದಾರಿಯೇ ಹಾಗಿದೆ. ಹೋದ ವರ್ಷ ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿ, ಮಕ್ಕಳ ಸಂಖ್ಯೆ ಕಡಿಮೆಯಾದ್ದರಿಂದ ನಮ್ಮ ಹೈಸ್ಕೂಲನ್ನು ಮುಚ್ಚುತ್ತಾರೆ ಎಂಬ ಸಂದೇಶ ಬಂತು. ಒಂದೇ ದಿನದಲ್ಲಿ ಎಲ್ಲರೂ ಎಲ್ಲರಿಗೂ ಕಳಿಸಿದರು. ಕೆಲವರು ಮಕ್ಕಳನ್ನು ಪೇಟೆಯ ಶಾಲೆಗೆ ಸೇರಿಸುವ ಮಾತಾಡಿದರು. ಹೆಡ್‌ಮಾಸ್ತರರನ್ನು ಹೋಗಿ ಕೇಳಿದವರು ಯಾರೂ ಇರಲಿಲ್ಲ. ಮೂರನೇ ದಿನ ಅವರೇ ಊರವರನ್ನು ಕರೆದು, ಅಂಥ ಯಾವ ಆದೇಶವೂ ಬಂದಿಲ್ಲವೆಂದು ತಿಳಿಸಿದರು. ಸುಳ್ಳು ಸುದ್ದಿಯಿಂದಲೇ ಮಕ್ಕಳು ಬಿಟ್ಟುಹೋಗಿದ್ದರೆ ಸುದ್ದಿ ನಿಜವಾಗಿಬಿಡುತ್ತಿತ್ತು! ಹೋಗಿ ಕೇಳಿ, ಕೇಳಿದ್ದನ್ನು ಬರೆದು, ಬರೆದದ್ದಕ್ಕೆ ಹೆಸರು ಹಾಕುವ ಒಬ್ಬ ಮನುಷ್ಯ ಪ್ರತಿ ಊರಿಗೂ ಬೇಕು. ಅವನ ಖರ್ಚನ್ನು ಊರೇ ಕೊಡಬೇಕು. ಲಂಕೇಶ್ ಪತ್ರಿಕೆ ಕಲಿಸುವ ಪಾಠ ನನಗೆ ಇಷ್ಟೇ.

ಹಾಗೆಂದು ಜಾಹೀರಾತೆಲ್ಲ ಕೆಟ್ಟದ್ದು ಎನ್ನಲಾರೆ. ಈ ಸ್ಮರಣ ಸಂಚಿಕೆಯ ಹಿಂದಿನ ಪುಟಗಳಲ್ಲಿ ಶುಭ ಕೋರಿರುವ ಅಡಿಕೆ ಮಂಡಿಯವರು, ಗೊಬ್ಬರದ ಅಂಗಡಿಯವರು ಕೈಹಿಡಿಯದಿದ್ದರೆ ಇದು ಅಚ್ಚಾಗುತ್ತಿರಲಿಲ್ಲ. ಅವರಿಗೆ ನಾವು ಋಣಿಗಳು. ಆದರೆ ಒಂದು ಕೆಲಸವನ್ನಾದರೂ ಯಾರ ಹಂಗೂ ಇಲ್ಲದೆ ಮಾಡೋಣ ಎಂದು ಹಳೆಯ ವಿದ್ಯಾರ್ಥಿಗಳಲ್ಲಿ ಕೇಳಿಕೊಳ್ಳುತ್ತೇನೆ. ಶಾಲೆಯ ಗ್ರಂಥಾಲಯಕ್ಕೆ ಎರಡು ದಿನಪತ್ರಿಕೆ, ಎರಡು ವಾರಪತ್ರಿಕೆ ವರ್ಷವಿಡೀ ಬರುವಂತೆ ಚಂದಾ ಕಟ್ಟೋಣ. ಮೊದಲ ವರ್ಷದ ಚಂದಾ ನನ್ನದು. ಮುಂದಿನ ವರ್ಷಗಳಿಗೆ ಒಂದೊಂದು ಬ್ಯಾಚಿನವರು ಹೊತ್ತುಕೊಳ್ಳಲಿ. ಅದರ ಜೊತೆಗೆ ಒಂಬತ್ತನೇ ತರಗತಿಯ ಮಕ್ಕಳೇ ಸಂಪಾದಕರಾಗಿ ತಿಂಗಳಿಗೊಂದು ಗೋಡೆ ಪತ್ರಿಕೆ ತರಲಿ. ಅದರಲ್ಲಿ ಕೆರೆಯ ಹೂಳು, ಬಸ್ಸಿನ ಸಮಯ, ಬಿಸಿಯೂಟದ ಬೇಳೆ, ಶಾಲೆಯ ನಲ್ಲಿ ಯಾವುದರ ಬಗ್ಗೆಯೂ ಬರೆಯಲಿ. ಬರೆಯುವ ಮೊದಲು ಹೋಗಿ ನೋಡಿ ಬರಲಿ, ಸಂಬಂಧಪಟ್ಟವರನ್ನು ಕೇಳಲಿ, ಕೆಳಗೆ ತಮ್ಮ ಹೆಸರು ಹಾಕಲಿ.

ಆ ಗೋಡೆ ಪತ್ರಿಕೆಯಲ್ಲಿ ನಮ್ಮ ಬಗ್ಗೆ, ಊರ ದೊಡ್ಡವರ ಬಗ್ಗೆ ಕಹಿಯಾದ ಮಾತು ಬಂದರೆ ಗುರುಗಳೂ ಗ್ರಾಮಸ್ಥರೂ ಅದನ್ನು ಕಿತ್ತು ಹಾಕದೆ ಒಮ್ಮೆ ಪೂರ್ತಿ ಓದಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.